ಇತರೆ: ಅರವತ್ತೆರಡು ಕಿಲೋ ನಾನೂರು ಗ್ರಾಂ

ಕಂಪನಿಗೆ ಬರುವ ಯಾವುದೇ ಪತ್ರವನ್ನು, ಅದು ಎಂಥದ್ದೇ ಆಗಿರಲಿ, ಯಾರಿಂದಲೇ ಬಂದಿರಲಿ, ನಂಬರು ಹಾಕಿ, ಮೊಹರು ಒತ್ತಿ, ಲಗತ್ತುಗಳ ಸಮೇತ ಹನ್ನೆರಡು ವರ್ಷ ಕಾಪಾಡತಕ್ಕದ್ದು. ಇದು ತಕ್ಕಡಿ ಕಂಪನಿಯ ದಾಖಲೆ ವಿಭಾಗದ ನಿಯಮ ನಾಲ್ಕು. ಬರೆದವರು ವಿಭಾಗದ ಮುಖ್ಯಸ್ಥರಾದ ಕಡತಪ್ಪನವರು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಮೂವತ್ತಮೂರು ವರ್ಷ ಕಡತಗಳ ನಡುವೆ ಕಳೆದದ್ದಕ್ಕೆ ಸಹೋದ್ಯೋಗಿಗಳು ಹಾಗೆ ಕರೆದರು, ಅವರು ಅದನ್ನು ಬಿರುದು ಎಂದುಕೊಂಡರು. ವಿಭಾಗದಲ್ಲಿ ಅವರೊಬ್ಬರೇ ಇದ್ದುದರಿಂದ ಮುಖ್ಯಸ್ಥರಾಗುವುದಕ್ಕೆ ಪೈಪೋಟಿಯೇನೂ ಇರಲಿಲ್ಲ.

ಆಗೆಲ್ಲ ದಿನಕ್ಕೆ ಹದಿನೈದೋ ಇಪ್ಪತ್ತೋ ಪತ್ರ ಬರುತ್ತಿದ್ದವು. ಮುಳ್ಳು ಬಗ್ಗಿದೆ ಎಂದು ಒಬ್ಬ ಅಂಗಡಿಯವನ ದೂರು, ತಟ್ಟೆ ಕಳಿಸಿ ಎಂದು ಇನ್ನೊಬ್ಬನ ಬೇಡಿಕೆ. ಹನ್ನೊಂದು ಗಂಟೆಯೊಳಗೆ ಕೆಲಸ ಮುಗಿಯುತ್ತಿತ್ತು. ಉಳಿದ ಹೊತ್ತು ಕಡತಪ್ಪನವರು ಹೊಸ ನಿಯಮಗಳನ್ನು ಬರೆಯುತ್ತಿದ್ದರು.

ಆಮೇಲೆ ಕಂಪನಿ ಕಾಲದ ಜೊತೆ ಹೆಜ್ಜೆ ಹಾಕಿತು. ಹೊಸ ತಕ್ಕಡಿಗಳಿಗೆ ಇಂಟರ್ನೆಟ್ ಬಂತು. ಯಾವ ಊರಿನ ಯಾವ ಅಂಗಡಿಯಲ್ಲಿ ಏನು ತೂಗಿದರೂ ತಕ್ಕಡಿ ಆ ಕ್ಷಣವೇ ಕೇಂದ್ರ ಕಚೇರಿಗೆ ವರದಿ ಮಾಡುತ್ತಿತ್ತು. ಏಕೆ ಎಂದು ಯಾರೂ ಕೇಳಲಿಲ್ಲ, ಉದ್ಘಾಟನೆಯ ರಿಬ್ಬನ್ ಕಟ್ಟಿ ಆಗಿತ್ತು. ಮೊದಲ ಸಂದೇಶ ಕಡತಪ್ಪನವರ ಕಂಪ್ಯೂಟರಿಗೆ ಬಂತು: "ಈರುಳ್ಳಿ, ಅರ್ಧ ಕಿಲೋ."

ಇದು ಪತ್ರವೋ ಅಲ್ಲವೋ ಎಂದು ಅವರು ಅರ್ಧ ದಿನ ತಲೆ ಕೆಡಿಸಿಕೊಂಡರು. ಕಳಿಸಿದವರು ಇದ್ದಾರೆ, ವಿಳಾಸ ಇದೆ, ತಾರೀಖು ಇದೆ, ವಿಷಯವೂ ಇದೆ. ಎಷ್ಟೋ ಮನುಷ್ಯರ ಪತ್ರಗಳಿಗಿಂತ ಇದು ಚೊಕ್ಕವಾಗಿತ್ತು. ಪ್ರಿಂಟ್ ತೆಗೆದು, ನಂಬರು ಹಾಕಿ, ಮೊಹರು ಒತ್ತಿದರು. ತಲೆ ಎತ್ತುವಷ್ಟರಲ್ಲಿ ನಾಲ್ಕು ಸಾವಿರ ಪತ್ರ ಬಂದು ಕೂತಿದ್ದವು.

ಅವರು ಮ್ಯಾನೇಜರ ಬಳಿ ಓಡಿದರು.

"ನಿಯಮ ಏನು ಹೇಳುತ್ತೆ?" ಎಂದು ಮ್ಯಾನೇಜರು ಕೇಳಿದರು.

"ಯಾರಿಂದಲೇ ಬಂದಿರಲಿ ಅನ್ನುತ್ತೆ ಸಾರ್."

"ಹಾಗಾದ್ರೆ ಮುಗೀತಲ್ಲ. ಇನ್ನೊಂದು ಪ್ರಿಂಟರ್ ತರಿಸ್ಕೊಳ್ಳಿ."

ಖಾಲಿ ಕೂತ ತಕ್ಕಡಿಗಳೂ ಸುಮ್ಮನಿರಲಿಲ್ಲ. ನಿಮಿಷಕ್ಕೊಮ್ಮೆ "ಸೊನ್ನೆ" ಎಂದು ಬರೆಯುತ್ತಿದ್ದವು. ಕಡತಪ್ಪನವರು ಸೊನ್ನೆಗಳಿಗೂ ಪ್ರತ್ಯೇಕ ರ್ಯಾಕು ಕೊಟ್ಟರು, ಏನೂ ಇಲ್ಲ ಎಂಬುದೂ ಮಾಹಿತಿಯೇ. ಅಂಗಡಿಯವರು ಸಾಮಾನಿನ ಗುಂಡಿ ಒತ್ತಲು ಮರೆತರೆ ತಕ್ಕಡಿ "ಇತರೆ" ಎಂದು ನಮೂದಿಸುತ್ತಿತ್ತು. ಒಂದು ಅಂಗಡಿಯಿಂದ ಪ್ರತಿ ಮಧ್ಯಾಹ್ನ "ಇತರೆ, ಮೂರು ಕಿಲೋ, ಅಲುಗಾಡುತ್ತಿದೆ" ಎಂದು ಬರುತ್ತಿತ್ತು. ಅದು ತಕ್ಕಡಿಯ ಮೇಲೆ ಮಲಗುವ ಬೆಕ್ಕು ಎಂದು ಅವರು ಊಹಿಸಿದರು. ದಿನವೂ ಆ ಪತ್ರಕ್ಕೆ ಕಾಯುತ್ತಿದ್ದರು, ಅದು ಬಾರದ ದಿನ ಊಟ ಸೇರುತ್ತಿರಲಿಲ್ಲ.

ಎರಡು ವರ್ಷದಲ್ಲಿ ದಾಖಲೆ ಕೋಣೆ ತುಂಬಿತು. ಹಜಾರ ತುಂಬಿತು, ಮೆಟ್ಟಿಲುಗಳು ತುಂಬಿದವು. ಕೊನೆಗೆ ಫ್ಯಾಕ್ಟರಿಯ ಯಂತ್ರಗಳನ್ನು ಅಂಗಳಕ್ಕೆ ಸಾಗಿಸಿ ಅಲ್ಲೂ ರ್ಯಾಕುಗಳನ್ನು ಹಾಕಲಾಯಿತು. ಗೇಟಿಗೆ ಪ್ರಕಟಣೆ ಅಂಟಿಸಿದರು: "ನಮ್ಮ ತಕ್ಕಡಿಗಳು ಬರೆಯುವ ಪತ್ರಗಳನ್ನು ಕಾಪಾಡುವ ಸಲುವಾಗಿ ತಕ್ಕಡಿ ತಯಾರಿಕೆಯನ್ನು ನಿಲ್ಲಿಸಲಾಗಿದೆ. ಗ್ರಾಹಕರು ಸಹಕರಿಸಬೇಕು." ಗ್ರಾಹಕರು ಸಹಕರಿಸಿದರು.

ಇಂತಿರಲಾಗಿ ಕಡತಪ್ಪನವರ ನಿವೃತ್ತಿಯ ತಿಂಗಳು ಬಂತು. ಮನೆಯಲ್ಲಿ ಹೆಂಡತಿ ಆಗಲೇ ಎರಡು ಬೆತ್ತದ ಕುರ್ಚಿ ಕೊಂಡು ಬಾಗಿಲ ಪಕ್ಕ ಇಟ್ಟಿದ್ದರು. ಮದುವೆಯಾದಾಗಿನಿಂದ ಗಂಡ ಬೆಳಗಿನ ಕಾಫಿಯನ್ನು ಒಂದು ಕಾಲು ಚಪ್ಪಲಿಯಲ್ಲಿಟ್ಟು ನಿಂತೇ ಕುಡಿದವರು. ಒಂದನೇ ತಾರೀಖಿನಿಂದ ಕೂತು ಕುಡಿಯುತ್ತೇನೆ ಎಂದು ಮಾತು ಕೊಟ್ಟಿದ್ದರು. ಆಕೆಗೆ ಬೇರೆ ಏನೂ ಬೇಕಿರಲಿಲ್ಲ, ಅವರಿಗೂ ಅಷ್ಟೇ ಬೇಕಿತ್ತು.

"ನಿಮ್ಮ ಸೇವಾ ಪುಸ್ತಕ ತಂದುಕೊಡಿ ಸಾರ್, ನಾಳೆನೇ ಬಿಡುಗಡೆ ಪತ್ರ ಮಾಡಿಕೊಡ್ತೀನಿ," ಎಂದರು ಸಿಬ್ಬಂದಿ ವಿಭಾಗದ ಮೇಡಂ.

ಸೇವಾ ಪುಸ್ತಕವನ್ನು ಕಡತಪ್ಪನವರು ಬಹಳ ಭದ್ರವಾಗಿ ಇಟ್ಟಿದ್ದರು. ಮೊದಲ ರ್ಯಾಕಿನ ತಳದಲ್ಲಿ, ಯಾರ ಕೈಗೂ ಸಿಗದಂತೆ. ಈಗ ಮೊದಲ ರ್ಯಾಕು ಎಲ್ಲಿದೆ ಎಂಬುದೇ ಅವರಿಗೆ ತಿಳಿಯಲಿಲ್ಲ. ಒಂಬತ್ತು ದಿನ ಹುಡುಕಿದರು. ಈರುಳ್ಳಿಯ ಸಾಲು ದಾಟಿದರೆ ಬೇಳೆಯ ಸಾಲು, ಅದರಾಚೆ ಗೋಡೆ ಮುಟ್ಟುವವರೆಗೆ ಸೊನ್ನೆಗಳು. ಹತ್ತನೇ ದಿನ ಬರಿಗೈಯಲ್ಲಿ ಮೇಡಂ ಮುಂದೆ ಬಂದು ನಿಂತರು.

ಮೇಡಂ ನಿಯಮ ಪುಸ್ತಕ ತೆರೆದು ಓದಿದರು. "ನಿಯಮ ಒಂಬತ್ತು. ದಾಖಲೆಯಲ್ಲಿ ಇಲ್ಲದ್ದು ಕಂಪನಿಯಲ್ಲೂ ಇಲ್ಲ."

"ಯಾವ ಮಹಾನುಭಾವ ಬರೆದದ್ದಮ್ಮ ಇದನ್ನ?"

ಮೇಡಂ ಪುಟವನ್ನು ಅವರ ಕಡೆ ತಿರುಗಿಸಿದರು. ಕೆಳಗೆ ಅವರದೇ ಸಹಿ ಇತ್ತು, ಅದರಡಿ ಎರಡು ಗೆರೆ. ಎರಡನೇ ಗೆರೆ ಎಳೆದಾಗ ತಮಗೆ ಎಷ್ಟು ಹೆಮ್ಮೆಯಾಗಿತ್ತು ಎಂಬುದೂ ಕಡತಪ್ಪನವರಿಗೆ ಚೆನ್ನಾಗಿ ನೆನಪಿತ್ತು.

"ಹಾಗಾದ್ರೆ ನಾನು ಇಲ್ಲಿ ಕೆಲಸವೇ ಮಾಡಿಲ್ಲ?"

"ಮಾಡಿರಬಹುದು ಸಾರ್. ಆದ್ರೆ ಇಲ್ಲದವರನ್ನ ನಿವೃತ್ತಿ ಮಾಡೋದು ಹೇಗೆ, ನೀವೇ ಹೇಳಿ."

ಸುಮ್ಮನೆ ಮನೆಗೆ ಹೋಗಿ ಕುರ್ಚಿಯಲ್ಲಿ ಕೂತುಬಿಡಬಹುದಿತ್ತು. ಬೇರೆ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಕಾಗದವಿಲ್ಲದೆ ಕೂರುವುದು ಹೇಗೆಂದು ಕಡತಪ್ಪನವರಿಗೆ ಗೊತ್ತಿರಲಿಲ್ಲ.

ದಾರಿ ತೋರಿಸಿದವರು ಮ್ಯಾನೇಜರು. "ಯಾವುದಾದ್ರೂ ಒಂದು ದಾಖಲೆ ಇದ್ರೆ ಸಾಕಲ್ವಾ? ಹೊರಗೆ ಮೂಟೆ ತೂಗೋ ತಕ್ಕಡಿ ಇದೆ. ಹತ್ತಿ ನಿಲ್ಲಿ."

ಕಡತಪ್ಪನವರು ಚಪ್ಪಲಿ ಬಿಟ್ಟು ಹತ್ತಿ ನಿಂತರು. ಇಳಿದು, ತಮ್ಮ ಕೋಣೆಗೆ ತಾವೇ ಹೋಗಿ, ಬಂದ ಪತ್ರವನ್ನು ಪ್ರಿಂಟ್ ತೆಗೆದರು: "ಇತರೆ, ಅರವತ್ತೆರಡು ಕಿಲೋ ನಾನೂರು ಗ್ರಾಂ, ಅಲುಗಾಡುತ್ತಿದೆ." ನಂಬರು ಹಾಕಿ ಮೊಹರು ಒತ್ತಿದರು.

ಮೇಡಂ ಅದನ್ನು ಎರಡು ಸಲ ಓದಿದರು. "ತುಂಬಾ ಸಂತೋಷ ಸಾರ್, ನೀವು ಇದೀರಿ. ಆದ್ರೆ ನೌಕರರಾಗಿ ಅಲ್ಲ. ಈ ಪತ್ರದ ಲಗತ್ತಾಗಿ ಇದೀರಿ. ಲಗತ್ತಿಗೆ ನಿವೃತ್ತಿ ಇಲ್ಲ. ನಿಯಮ ನಾಲ್ಕರ ಪ್ರಕಾರ ಹನ್ನೆರಡು ವರ್ಷ ಕಾಪಾಡಬೇಕು."

"ಈರುಳ್ಳಿನ ಕಾಪಾಡಲಿಲ್ವಲ್ಲಮ್ಮ!"

"ಈರುಳ್ಳಿ ಪತ್ರದ ಜೊತೆ ಬರಲಿಲ್ಲ ಸಾರ್. ನೀವು ಬಂದಿದೀರಿ."

ನಿಜ ಹೇಳಬೇಕೆಂದರೆ, ನಿಯಮವನ್ನು ಇಷ್ಟು ಸರಿಯಾಗಿ ಓದಿದವರು ಇನ್ನೊಬ್ಬರಿದ್ದಾರಲ್ಲ ಎಂದು ಕಡತಪ್ಪನವರಿಗೆ ಒಳಗೊಳಗೆ ಮೆಚ್ಚುಗೆಯೇ ಆಯಿತು. ಆ ಮೆಚ್ಚುಗೆಗೆ ನಾಚಿಕೆಪಟ್ಟು, ಮನೆಗೆ ಫೋನ್ ಮಾಡಿ ವಿಷಯ ತಿಳಿಸಿದರು. ಪೂರ್ತಿ ಕೇಳಿಸಿಕೊಂಡ ಹೆಂಡತಿ ಫೋನ್ ಇಟ್ಟುಬಿಟ್ಟರು.

ಒಂದನೇ ತಾರೀಖು ಬೆಳಿಗ್ಗೆ ಗೇಟಿನ ಮುಂದೆ ಒಂದು ಸಾಮಾನು ಗಾಡಿ ಬಂದು ನಿಂತಿತು. ಹೆಂಡತಿ ಇಳಿದರು, ಹಿಂದೆ ಎರಡು ಬೆತ್ತದ ಕುರ್ಚಿ ಇಳಿದವು.

"ಎಲ್ಲಿದಾರೆ ನಮ್ಮನೆಯವರು?"

"ಇತರೆ ವಿಭಾಗ, ಮೂರನೇ ಸಾಲು," ಎಂದರು ಮೇಡಂ. "ಆದ್ರೆ ಹೊರಗಿನವರು ಒಳಗೆ ಹೋಗೋ ಹಾಗಿಲ್ಲಮ್ಮ."

ಗಲಾಟೆ ಕೇಳಿ ಕಡತಪ್ಪನವರು ಹೊರಗೆ ಬಂದರು. ಹೆಂಡತಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ರೀ, ಮೂವತ್ತಮೂರು ವರ್ಷ ಕಾದೆ. ಇನ್ನು ಹನ್ನೆರಡು ವರ್ಷ ನನ್ನ ಕೈಲಾಗಲ್ಲ. ಎಲ್ಲಿ ಆ ತಕ್ಕಡಿ?"

ಕುರ್ಚಿಗಳನ್ನೂ ಫ್ಲಾಸ್ಕನ್ನೂ ತಕ್ಕಡಿಯ ಮೇಲಿಟ್ಟು, ಸೆರಗು ಬಿಗಿದು, ಆಕೆಯೂ ಹತ್ತಿ ನಿಂತರು. ಕಡತಪ್ಪನವರು ಪ್ರಿಂಟ್ ತೆಗೆದರು: "ಇತರೆ, ಅರವತ್ತೇಳು ಕಿಲೋ, ಅಲುಗಾಡುತ್ತಿಲ್ಲ." ಆ ಕಾಗದಕ್ಕೆ ಮೊಹರು ಒತ್ತುವಾಗ ಅವರ ಕಣ್ಣು ತುಂಬಿ ಬಂತು. ಮೇಡಂ ನಿಯಮ ನೋಡಿ, ಲಗತ್ತುಗಳೆಲ್ಲ ಸರಿಯಾಗಿವೆ ಎಂದು ಷರಾ ಬರೆದರು.

ಈ ಏರ್ಪಾಡು ಕಂಪನಿಯಲ್ಲಿ ಎಲ್ಲರಿಗೂ ಒಪ್ಪಿಗೆಯಾಯಿತು. ಮುಂದಿನ ವರ್ಷ ನಿವೃತ್ತರಾಗಲಿರುವ ಮ್ಯಾನೇಜರು ತಮ್ಮ ಸೇವಾ ಪುಸ್ತಕ ಎಲ್ಲಿದೆ ಎಂದು ಈಗ ಕೇಳುವುದನ್ನೇ ಬಿಟ್ಟಿದ್ದಾರೆ. ಮೊನ್ನೆ ಮಧ್ಯಾಹ್ನ ಸುಮ್ಮನೆ ಬಂದು, ಎರಡು ಕುರ್ಚಿಗಳ ಪಕ್ಕದ ಜಾಗವನ್ನು ಅಳೆದುಕೊಂಡು ಹೋದರು.

ದಾಖಲೆಗಳಲ್ಲಿ ಕಾಣುವ ಲೋಪ ಒಂದೇ. ಆ ಒಂದನೇ ತಾರೀಖಿನಂದು ಬೆಕ್ಕು ಎಂದಿಗಿಂತ ಬೇಗ ಮಲಗಿ ಪತ್ರ ಕಳಿಸಿತ್ತು. ಅದಕ್ಕೆ ಮೊಹರು ಬಿದ್ದದ್ದು ನಲವತ್ತು ನಿಮಿಷ ತಡವಾಗಿ. ಅಂಚಿನಲ್ಲಿ ಕಡತಪ್ಪನವರ ದುಂಡು ಅಕ್ಷರದಲ್ಲಿ ಕಾರಣ ನಮೂದಾಗಿದೆ: "ಕಾಫಿ. ಕೂತು."