ಕಿಟಕಿ ಅವಳಿಗೆ, ಮನೆಯೆಲ್ಲ ನನಗೆ

ಸಾಂಕ್ರಾಮಿಕ ನಮ್ಮೂರಿಗೆ ಕಾಲಿಟ್ಟ ದಿನವೇ ನಾನು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿಬಿಟ್ಟೆ: "ಈ ರೋಗ ಯಾವ ಅರಮನೆಗೆ ಬೇಕಾದರೂ ನುಗ್ಗಲಿ, ನನ್ನ ಹೊಸ್ತಿಲು ಮಾತ್ರ ದಾಟಲಾರದು!" ಸಭೆಯಲ್ಲಿ ಇದ್ದವಳು ನನ್ನ ಹೆಂಡತಿ ಒಬ್ಬಳೇ. "ಕೂತ್ಕೊಂಡು ಊಟ ಮಾಡಿ, ಆರಿಹೋಗತ್ತೆ" ಎಂದಳು.

ನಾನು ವಿಮಾ ಕಂಪನಿಯ ಸರ್ವೇಯರು. ಜಜ್ಜಿಹೋದ ಕಾರುಗಳನ್ನು ಸುತ್ತಿ ಸುತ್ತಿ ನೋಡಿ, ತಪ್ಪು ಯಾರದು, ನಷ್ಟ ಎಷ್ಟು ಎಂದು ಬರೆಯುವುದು ನನ್ನ ಹೊಟ್ಟೆಪಾಡು. ವರ್ಷಗಟ್ಟಲೆ ಬರೀ ಅಪಘಾತವಾದ ಗಾಡಿಗಳನ್ನೇ ನೋಡಿದವನಿಗೆ, ಅಪಘಾತವಾಗದ ಗಾಡಿಯೂ ಇರುತ್ತದೆ ಎಂಬ ನಂಬಿಕೆಯೇ ಹೊರಟುಹೋಗುತ್ತದೆ. ಹಾಗಾಗಿ ನಾನು ಕಾರು ಓಡಿಸಲು ಕಲಿಯಲೇ ಇಲ್ಲ. ಹಣೆಬರಹ ನೋಡಿ, ನನ್ನ ಹೆಂಡತಿ ನಡೆಸುವುದು ಡ್ರೈವಿಂಗ್ ಸ್ಕೂಲು. ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ತಿಳಿಯದವರ ಪಕ್ಕದಲ್ಲಿ ದಿನವಿಡೀ ಕೂತು, ಲಾರಿಗಳ ನಡುವೆ ನುಸುಳಿ, ಸಂಜೆ ಕೂದಲೂ ಕೊಂಕದೆ ಮನೆಗೆ ಬರುತ್ತಾಳೆ. ಅವಳ ಕಾಲ ಕೆಳಗೂ ಒಂದು ಬ್ರೇಕ್ ಇದೆ. ಆದರೆ ಒತ್ತುವುದು ಅಪರೂಪವಂತೆ.

"ನಾನೇ ಒತ್ತಿಬಿಟ್ರೆ ಅವರು ಕಲಿಯೋದು ಯಾವಾಗ?"

ಸಂಜೆ ಟೀ ಹೊತ್ತಿಗೆ ಅವಳು ಆ ದಿನದ ಶಿಷ್ಯರ ಕಥೆ ಹೇಳುತ್ತಿದ್ದಳು. ನಾನು ಲೋಟ ಹಿಡಿದು ಕೇಳುತ್ತಿದ್ದೆ. ನನ್ನ ಪಾಲಿಗೆ ನಗು ಎಂಬುದು ದಿನಕ್ಕೊಮ್ಮೆ, ಟೀ ಜೊತೆಗೇ ಬರುತ್ತಿತ್ತು. ಆಗ ಅದರ ಬೆಲೆ ಗೊತ್ತಾಗಿರಲಿಲ್ಲ.

ಸರಿ, ಯುದ್ಧ ಶುರುವಾಯಿತು. ಕ್ಯಾರೆಟ್ಟನ್ನು ಸೋಪಿನಲ್ಲಿ ತೊಳೆದೆ; ಊಟದ ನಡುವೆ ಇಬ್ಬರಿಗೂ ಬಾಯಿಂದ ನೊರೆ ಬಂತು. ದಿನಪತ್ರಿಕೆಗೆ ಇಸ್ತ್ರಿ ಹಾಕಿದೆ. ಮುಖಪುಟ ಸುಟ್ಟು, ಅದರ ತೂತಿನಲ್ಲಿ ಕ್ರೀಡಾಪುಟ ಇಣುಕಿತು. ಇಷ್ಟೆಲ್ಲ ಭದ್ರವಾದ ಮೇಲೆ ನೋಡಿದರೆ, ಅವಳು ಮಾಸ್ಕ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.

"ಎಲ್ಲಿಗೆ?"

"ಮೂಲೆಮನೆ ಟೀಚರ್‌ಗೆ ಬಿ.ಪಿ. ಮಾತ್ರೆ ಮುಗಿದಿದೆಯಂತೆ. ತಂದು ಗೇಟಿನ ಮೇಲಿಟ್ಟು ಬರ್ತೀನಿ."

"ಎಂಥ ಅಪಾಯ ಗೊತ್ತೇನೇ ನಿನಗೆ?"

"ಮಾತ್ರೆ ಇಲ್ದೇ ಇದ್ರೆ ಆ ವಯಸ್ಸಿನವರಿಗೆ ಇನ್ನೂ ದೊಡ್ಡ ಅಪಾಯ. ನಿಮ್ಮ ಹತ್ರ ಬರೀ ಬ್ರೇಕ್ ಇರೋದು ರೀ. ಬರೀ ಬ್ರೇಕ್ ಇರೋದಕ್ಕೆ ಗಾಡಿ ಅನ್ನಲ್ಲ, ಕುರ್ಚಿ ಅಂತಾರೆ."

ಕುರ್ಚಿಗೂ ಸ್ವಾಭಿಮಾನವಿರುತ್ತದೆ. ಅವಳು ಬರುವಷ್ಟರಲ್ಲಿ ಕಾನೂನು ಸಿದ್ಧವಾಗಿತ್ತು. ಹೊರಗೆ ಹೋದವರು ಮುಂದಿನ ಕೋಣೆಯಲ್ಲೇ ಇರಬೇಕು, ಎರಡು ವಾರ. ನಡುವೆ ಮತ್ತೆ ಹೊರಗೆ ಹೋದರೆ ಎಣಿಕೆ ಮೊದಲಿಂದ. ಒಳಗಿನವರು ಊಟ, ಟೀ ಸ್ಟೂಲಿನ ಮೇಲಿಟ್ಟು, ಬಾಗಿಲು ತಟ್ಟಿ ಓಡಬೇಕು. ಬಾಗಿಲ ಬಳಿ ಮಾತು ಕೂಡದು. ಆ ಮುಂದಿನ ಕೋಣೆ ಅವಳ ಸ್ಕೂಲಿನ ಆಫೀಸು. ಅದಕ್ಕೆ ಬೀದಿಗೆ ಬೇರೆ ಬಾಗಿಲು, ಬೇರೆ ಬಚ್ಚಲು, ದೊಡ್ಡದೊಂದು ಕಿಟಕಿ. ನಡುಬಾಗಿಲಿಗೆ ಅವಳದೇ 'ಪ್ರವೇಶ ನಿಷೇಧ' ಫಲಕವನ್ನು ತೂಗುಹಾಕಿದೆ.

"ಆಯ್ತು" ಎಂದು ಅವಳು ಒಂದೇ ಮಾತಿಗೆ ಒಪ್ಪಿಬಿಟ್ಟಳು. ಸರ್ವೇಯರಿಗೆ ಅಲ್ಲೇ ಅನುಮಾನ ಬರಬೇಕಿತ್ತು.

ಮೊದಲ ದಿನ ಚಕ್ರವರ್ತಿಯ ಹಾಗೆ ಓಡಾಡಿದೆ. ಇಡೀ ಮನೆ ನನ್ನದು! ಮರುದಿನ ಅಭ್ಯಾಸಬಲದಿಂದ ನಡುಮನೆಯಲ್ಲಿ ಎರಡು ಲೋಟ ಟೀ ಇಟ್ಟುಕೊಂಡು ಕೂತೆ. ಎದುರಿನ ಲೋಟ ಕೆನೆಗಟ್ಟಿತು. ಅದನ್ನೂ ನಾನೇ ಕುಡಿದೆ. ಆಮೇಲೆ ಫ್ರಿಜ್ಜಿನ ಸದ್ದಿನ ಹೊರತು ಮನೆಯಲ್ಲಿ ಮಾತಾಡುವವರಿಲ್ಲ. ಒಂದು ಸಂಜೆ ಅದು ಗುರ್ ಎಂದು ನಿಂತಾಗ "ಯಾಕೆ, ಏನಾಯ್ತು?" ಎಂದು ಕೇಳಿಬಿಟ್ಟೆ.

ಅದೇ ಹೊತ್ತಿಗೆ ಮುಂದಿನ ಕೋಣೆಯಿಂದ ನಗು ಕೇಳಿಸಿತು. ಒಬ್ಬರದಲ್ಲ, ಮೂವರದು.

ಮಾಳಿಗೆಯಿಂದ ಬಗ್ಗಿ ನೋಡಿದೆ. ಕಿಟಕಿಯ ಹೊರಗೆ ಬೀದಿಯಲ್ಲಿ ಸೀಮೆಸುಣ್ಣದ ಮೂರು ವೃತ್ತ, ಒಂದಕ್ಕೊಂದು ಸಾಕಷ್ಟು ದೂರ. ಒಂದರಲ್ಲಿ ಅಂಗಡಿ ಮುಚ್ಚಿದ ಕ್ಷೌರಿಕ. ಅವನು ರಿವರ್ಸ್ ಗೇರಿನ ತನಕ ಕಲಿತು, ಪಾಠ ಅಲ್ಲಿಗೇ ನಿಂತುಹೋದ ಅವಳ ಶಿಷ್ಯ. ಇನ್ನೊಂದರಲ್ಲಿ ಡ್ಯೂಟಿ ಮುಗಿಸಿ ಬಂದ ನರ್ಸು. ಕಿಟಕಿಯೊಳಗೆ ಮಾಸ್ಕ್ ಹಾಕಿದ ನನ್ನ ಹೆಂಡತಿ, ಕೈಬೀಸಿ ಕಥೆ ಹೇಳುತ್ತಿದ್ದಾಳೆ. ನನ್ನ ಟೀ ಹೊತ್ತಿನ ಕಥೆ!

ಕೋಣೆಯಲ್ಲಿ ಕೂಡಿಹಾಕಿಸಿಕೊಂಡವಳಿಗೆ ಬೀದಿಯೆಲ್ಲ ನೆಂಟರು, ಕೂಡಿಹಾಕಿದವನಿಗೆ ಫ್ರಿಜ್ಜು.

ಅಂದಿನಿಂದ ಟೀ ಇಟ್ಟು, ಬಾಗಿಲು ತಟ್ಟಿ, ಓಡುವ ಬದಲು ಬಾಗಿಲಿಗೆ ಕಿವಿ ಹಚ್ಚಿ ನಿಲ್ಲತೊಡಗಿದೆ. ದಪ್ಪ ಬಾಗಿಲು; ನಗು ಕೇಳಿಸುತ್ತದೆ, ನಗುವಿಗೆ ಕಾರಣ ಕೇಳಿಸುವುದಿಲ್ಲ. ಅವಳ ಅವಧಿ ಮುಗಿಯಲಿ ಎಂದು ಕಾದೆ. ಮುಗಿಯುತ್ತ ಬಂದಾಗ ಟೀಚರ್‌ಗೆ ಮತ್ತೆ ಮಾತ್ರೆ ಮುಗಿಯಿತು; ಅವಳು ಹೋಗಿ ಬಂದಳು; ಎಣಿಕೆ ಮೊದಲಿಂದ. ಇನ್ನೇನು ಮುಗಿಯಿತು ಎನ್ನುವಾಗ ಮತ್ತೆ ಗೇಟು ಕಿರ್ರೆಂದಿತು. ಮತ್ತೆ ಮೊದಲಿಂದ! "ಹೋಗಲಿ, ಬಾರೇ ಒಳಗೆ" ಎಂದು ಒಂದು ಮಾತು ಕರೆದಿದ್ದರೆ ಮುಗಿಯುತ್ತಿತ್ತು. ಆದರೆ ಕಾನೂನು ಮಾಡಿದವನು ನಾನು. ಮಾಡಿದವನೇ ಮುರಿದರೆ ಲೋಕದ ಗತಿ?

ಒಂದು ಸಂಜೆ ನಗು ವಿಪರೀತ ಜೋರಾಯಿತು. ತಡೆಯಲಾಗಲಿಲ್ಲ. ಮಾಸ್ಕಿನ ಮೇಲೆ ಮಾಸ್ಕು, ಮುಖಕ್ಕೆ ಪ್ಲಾಸ್ಟಿಕ್ ಪರದೆ, ರೇನ್‌ಕೋಟು, ಪಾತ್ರೆ ತೊಳೆಯುವ ಕೈಗವಸು. ಹಿತ್ತಲ ಬಾಗಿಲಿಂದ ಹೊರಟು, ಮನೆಯನ್ನು ಸುತ್ತಿ ಬಂದು, ಖಾಲಿ ಇದ್ದ ಮೂರನೆಯ ವೃತ್ತದಲ್ಲಿ ನಿಂತೆ. ನನ್ನ ಮನೆಯ ಕಿಟಕಿಯ ಮುಂದೆ, ನನ್ನ ಹೆಂಡತಿಯ ಮಾತು ಕೇಳಲು, ಅಪರಿಚಿತನ ವೇಷದಲ್ಲಿ.

ಅವಳು ಹೇಳುತ್ತಿದ್ದಳು: "ಎದುರಿಗೆ ಬಸ್ ಬಂದ್ರೆ ಸಾಕು, ಆಯಮ್ಮ ಕಣ್ಣು ಮುಚ್ಚಿಬಿಡೋರು. ಕಣ್ಣು ಬಿಡೀಮ್ಮಾ ಅಂದ್ರೆ, 'ಬಸ್ಸಿನವ್ರು ನೋಡ್ತಿರ್ತಾರಲ್ಲ ಮೇಡಂ, ಇಬ್ರೂ ಯಾಕೆ ನೋಡ್ಬೇಕು?' ಅನ್ನೋರು."

ಎಷ್ಟೋ ದಿನಗಳ ನಗು ಒಟ್ಟಿಗೇ ನುಗ್ಗಿ ಬಂತು. ಪರದೆ ಮಂಜಾಯಿತು, ಕಣ್ಣು ಕಾಣದೆ ಎಡವಿದೆ.

"ವೃತ್ತದೊಳಗೇ ನಿಂತ್ಕೊಳ್ಳಿ, ರೇನ್‌ಕೋಟಿನವರೇ."

"ಯಾರು ಮೇಡಂ ಇವರು?" ಎಂದ ಕ್ಷೌರಿಕ. "ಆಸ್ಪತ್ರೆಯವರಾ?"

"ನಮಗೆ ಇಷ್ಟೆಲ್ಲ ಕೊಡಲ್ಲಪ್ಪ" ಎಂದಳು ನರ್ಸು.

"ನಮ್ಮ ಯಜಮಾನ್ರು" ಎಂದಳು ನನ್ನ ಹೆಂಡತಿ. "ತುಂಬ ದೂರದಿಂದ ಬಂದಿದಾರೆ. ಅಡುಗೆಮನೆಯಿಂದ."

ನಾನು ಪರದೆ ಒರೆಸಿಕೊಂಡು, ಉಳಿದಿದ್ದ ಗಾಂಭೀರ್ಯವನ್ನೆಲ್ಲ ಕೂಡಿಸಿ ಹೇಳಿದೆ: "ನಾನೂ ಹೊರಗೆ ಬಂದುಬಿಟ್ಟೆ. ಕಾನೂನು ಕಾನೂನೇ. ಇನ್ನು ನಾನೂ ಮುಂದಿನ ಕೋಣೆಯಲ್ಲೇ ಇರಬೇಕು, ನಿನ್ನ ಜೊತೆ."

"ಅಗತ್ಯವಾಗಿ ಬನ್ನಿ. ಆದ್ರೆ ನನ್ನ ಅವಧಿ ಮೊನ್ನೆಯೇ ಮುಗೀತು. ನೀವು ಕೋಣೆಗೆ, ನಾನು ಒಳಗೆ."

"ಮೊನ್ನೆಯೇ? ಮತ್ತೆ ಗೇಟು ಸದ್ದಾಯ್ತಲ್ಲ?"

"ಅದು ನರ್ಸಮ್ಮ. ಈ ಸಲ ಚೀಟಿ ಇಸ್ಕೊಂಡು ಹೋಗಿ ಮಾತ್ರೆ ತಂದುಕೊಟ್ಟಿದ್ದು ಅವರೇ."

"ಹಾಗಾದ್ರೆ ಮೊನ್ನೆಯೇ ಒಳಗೆ ಬರೋದಲ್ವೇನೇ?"

ಕ್ಷೌರಿಕ ಆಕಾಶ ನೋಡಿದ. ನರ್ಸು ತನ್ನ ಚಪ್ಪಲಿ ನೋಡಿಕೊಂಡಳು.

"ನೀವು ಕರೀತೀರಾ ಅಂತ ಕಾಯ್ತಿದ್ದೆ" ಎಂದು ಕಿಟಕಿಯಿಂದ ಸರಿದು ಒಳಗೆ ಹೋದಳು.

ಹೀಗೆ ಕೋಣೆಯೂ ಕಿಟಕಿಯೂ ನನ್ನ ಕೈಗೆ ಬಂದವು. ಸಂಜೆಯಾದರೆ ಯಾರಾದರೂ ಬಂದು ವೃತ್ತದಲ್ಲಿ ನಿಲ್ಲುತ್ತಾರೆ. "ಮೇಡಂ ಇಲ್ವಾ ಸಾರ್?" ಎನ್ನುತ್ತಾರೆ. "ನಾನಿದ್ದೀನಲ್ಲ, ಬಂಪರ್ ಕ್ಲೇಮಿನದೊಂದು ಸ್ವಾರಸ್ಯ ಹೇಳ್ತೀನಿ" ಎಂದರೆ, ಒಲೆ ಮೇಲೆ ಹಾಲಿದೆ ಎಂದು ಹೊರಟುಬಿಡುತ್ತಾರೆ. ನಮ್ಮ ಬೀದಿಯಲ್ಲಿ ಅಷ್ಟು ಹಾಲು ಹಿಂದೆಂದೂ ಉಕ್ಕಿರಲಿಲ್ಲ.

ನಿನ್ನೆ ವೃತ್ತಗಳು ಮೂರೂ ಖಾಲಿ. ಸ್ಟೂಲಿನ ಮೇಲೆ ಟೀ ಬಂತು, ಬಾಗಿಲು ತಟ್ಟಿದ ಸದ್ದಾಯಿತು. ಆದರೆ ಓಡಿದ ಸದ್ದಾಗಲಿಲ್ಲ. ಬದಲಿಗೆ ಬಾಗಿಲ ಮರಕ್ಕೆ ಆ ಕಡೆಯಿಂದ ಟಿಣ್ ಎಂದು ಏನೋ ತಾಗಿತು. ಈ ಬಾಗಿಲಿಗೆ ವಾರಗಟ್ಟಲೆ ಕಿವಿ ಹಚ್ಚಿದ ನಾನು ಅಷ್ಟೂ ಗುರುತಿಸಲಾರೆನೇ? ಅದು ಅವಳ ಕಿವಿಯ ಓಲೆ.

ನಾನು ಗಂಟಲು ಸರಿಮಾಡಿಕೊಂಡೆ. ಖಾಲಿ ಬೀದಿಯ ಕಡೆ ಮುಖ ಮಾಡಿ, ಲಾರಿಯ ಹಿಂದೆ ಸಿಕ್ಕಿಕೊಂಡ ಕಾರೊಂದರ ಕಥೆ ಶುರು ಮಾಡಿದೆ. ಮಾಲೀಕನ ಗೋಳು, ನನ್ನ ಗತ್ತು, ಎಲ್ಲವನ್ನೂ ಕೈ ಬೀಸಿ ಅಭಿನಯಿಸಿದೆ. ಅರ್ಧ ಕಥೆ ಮುಗಿದಿತ್ತು.

ಬಾಗಿಲ ಆಚೆಯಿಂದ ಅವಳ ದನಿ ಬಂತು:

"ರೀ, ಕೋಣೇಲಿ ನೀವೊಬ್ಬರೇ ಇರೋದು. ಆ ಎರಡು ಮಾಸ್ಕೂ ತೆಗೆದು, ಮೊದಲಿಂದ ಹೇಳಿ. ಒಂದಕ್ಷರ ಕೇಳಿಸ್ಲಿಲ್ಲ."