ಅರ್ಜಿ ವಾಪಸ್ ತೆಗೆಯಲಿಕ್ಕೊಂದು ಅರ್ಜಿ

ನನ್ನ ಮಾವ ಭೂಮಿಯಿಂದ ನೂರು ಕಿಲೋಮೀಟರ್ ಮೇಲೆ ಎಂತ ನಡೆಯುತ್ತದೆ ಅಂತ ಗಂಟೆಗಟ್ಟಲೆ ಹೇಳಬಲ್ಲರು. ಮನೆ ಬಾಗಿಲಿಗೆ ಬೀಗ ಹಾಕಿದ್ದೇವಾ ಇಲ್ಲವಾ ಅಂತ ಮಾತ್ರ ಅವರಿಗೆ ಖಾತ್ರಿ ಇರುವುದಿಲ್ಲ! ಒಮ್ಮೆ ಪಂಪ್‌ವೆಲ್ಲಿನ ಹತ್ತಿರ ಒಂದು ಮದುವೆಗೆ ನಮ್ಮ ಮನೆ ಇದ್ದ ಕೊಟ್ಟಾರದಿಂದ ಬಸ್ಸು ಹತ್ತಿದೆವು. ಅರ್ಧ ದಾರಿಯಲ್ಲಿ ಮಾವ ನಮ್ಮನ್ನೆಲ್ಲ ಇಳಿಸಿದರು. ವಾಪಸ್ ಬಂದು ಬೀಗ ಜಗ್ಗಿ ನೋಡಿ ಮತ್ತೆ ಹೊರಟು ಮುಟ್ಟುವಾಗ ಮದುಮಗಳೇ ಊಟ ಮುಗಿಸಿ ಕೈ ತೊಳೆಯುತ್ತಿದ್ದಳು. ಇಂಥವರು ಬಾಹ್ಯಾಕಾಶ ಸಂಶೋಧನೆಯ ಫೆಲೋಶಿಪ್ಪಿಗೆ ಅರ್ಜಿ ಹಾಕಿದರೆ ಮನೆಯವರ ಗತಿ ಎಂತ ಆಗಬೇಡ?

ಮಾವ ಅಂದರೆ ಅಮ್ಮನ ತಮ್ಮ. ನಮ್ಮಲ್ಲಿ ಅಳಿಯಕಟ್ಟು, ಅಂದರೆ ಅಕ್ಕನ ಮಕ್ಕಳೇ ಮಾವನ ಸಂಸಾರ. ಅಪ್ಪ ತೀರಿಹೋದ ಮೇಲೆ ನನ್ನನ್ನೂ ನನ್ನ ತಮ್ಮನನ್ನೂ ಸಾಕಿದ್ದು ಅವರೇ. ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳಿದರೆ ಪುರುಸೊತ್ತಿಲ್ಲ ಅನ್ನುತ್ತಿದ್ದರು. ಮೇಲಿನ ಗಾಳಿಯಲ್ಲಿ ರೇಡಿಯೋ ಅಲೆಗಳು ಹೇಗೆ ಬಾಗುತ್ತವೆ ಅನ್ನುವುದರ ಮೇಲೆ ಡಾಕ್ಟರೇಟ್ ಮಾಡಿ, ಇಲ್ಲೇ ಒಂದು ಕಾಲೇಜಿನಲ್ಲಿ ಹುಡುಗರಿಗೆ ಲೋಲಕ ತೂಗಿಸಲು ಕಲಿಸುತ್ತಿದ್ದರು.

ಅವರಿಗೊಂದು ರೋಗ ಇತ್ತು. ನೂರಕ್ಕೆ ನೂರು ನಿಜವಲ್ಲದ ಮಾತು ಬಾಯಿಯಿಂದ ಹೊರಡುತ್ತಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ, ಸ್ಕೈಲ್ಯಾಬ್ ಅನ್ನುವ ಬಾಹ್ಯಾಕಾಶ ನಿಲ್ದಾಣ ಆಕಾಶದಿಂದ ಬೀಳುತ್ತದೆ ಅಂತ ಊರಿಡೀ ಗುಲ್ಲು. ಪಕ್ಕದ ಮನೆಯ ಐಸಮ್ಮ ಓಡಿ ಬಂದು, ನಮ್ಮ ಮನೆ ಮಾಡಿನ ಮೇಲೆ ಬೀಳುವುದಿಲ್ಲ ಅಂತ ಒಂದು ಮಾತು ಹೇಳಿ ಡಾಕ್ಟ್ರೇ ಅಂತ ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಇಲ್ಲ ಹೋಗಿ ಮಾರಾಯ್ತಿ ಅಂದು ಕಳಿಸುತ್ತಿದ್ದರು. ಮಾವ ತಲೆ ಕೆರೆದುಕೊಂಡು, ಸಾಧ್ಯತೆ ತೀರಾ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನಲಿಕ್ಕೆ ಬರುವುದಿಲ್ಲ ಅಂದರು. ಐಸಮ್ಮ ಸಂಜೆಗೆ ಗಂಟುಮೂಟೆ ಕಟ್ಟಿ ಕೂಳೂರಿನ ಮಗಳ ಮನೆಗೆ ಹೋದರು. ಅಷ್ಟಕ್ಕೇ ಮುಗಿಯಿತಾ? ಮರುದಿನ ಮಾವ ನನ್ನನ್ನು ಕೂಳೂರಿಗೆ ಓಡಿಸಿದರು, ಅಲ್ಲಿ ಬೀಳುವ ಸಾಧ್ಯತೆಯೂ ಅಷ್ಟೇ ಅಂತ ಹೇಳಿ ಬರಲಿಕ್ಕೆ!

ಆ ವರ್ಷವೇ ಫೆಲೋಶಿಪ್ಪಿನ ಜಾಹೀರಾತು ಬಂತು. ಉತ್ತರದ ಒಂದು ದೊಡ್ಡ ಸಂಸ್ಥೆ. ಮೂವತ್ತೈದು ದಾಟಿದವರು ಅರ್ಜಿ ಹಾಕುವ ಹಾಗಿಲ್ಲ, ಮಾವನಿಗೆ ಮೂವತ್ತನಾಲ್ಕು ಮುಗಿಯುತ್ತಾ ಬಂದಿತ್ತು. ಈ ಸಲ ತಪ್ಪಿದರೆ ಜೀವಮಾನವಿಡೀ ಲೋಲಕವೇ ಗತಿ. ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಬಿ.ಎ. ಓದುತ್ತಿದ್ದ ನನಗೆ ನನ್ನ ಪರೀಕ್ಷೆಗೂ ಅಷ್ಟು ಹೆದರಿಕೆ ಆದದ್ದಿಲ್ಲ.

ಅರ್ಜಿಯನ್ನು ಅವರು ಕೊಟ್ಟ ನಮೂನೆಯಲ್ಲೇ ಟೈಪ್ ಮಾಡಿಸಬೇಕು, ಐದು ಪ್ರತಿ. ಹಂಪನಕಟ್ಟೆಯ ಇಬ್ರಾಹಿಂ ಸಾಹೇಬರು ಕಾರ್ಬನ್ ಇಟ್ಟು ಟಕಟಕ ಹೊಡೆದು ಕೊಟ್ಟರು. ಮಾವ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿ ಬಂದರು. ಅಬ್ಬ, ಮುಗಿಯಿತು ಅಂತ ಅಮ್ಮ ಕಾಫಿ ಇಟ್ಟರು. ಕಾಫಿ ಕುದಿಯುವ ಮೊದಲೇ ಮಾವ ಚಪ್ಪಲಿ ಹಾಕಿಯಾಗಿತ್ತು. ಟಪಾಲು ಚೀಲ ಹೊರಡುವ ಮೊದಲು ಅರ್ಜಿ ಕೊಟ್ಟರೆ ಹಾಕಿದ ಕಾಗದವನ್ನು ವಾಪಸ್ ಪಡೆಯಬಹುದು ಅಂತ ಒಂದು ನಿಯಮ ಉಂಟಂತೆ. ಭೂಮಿಯ ಮೇಲೆ ಯಾರಿಗೂ ಬೇಡದ ಆ ನಿಯಮ ನಮ್ಮ ಮಾವನಿಗೆ ಬಾಯಿಪಾಠ! ಅರ್ಜಿ ವಾಪಸ್ ತೆಗೆಯಲಿಕ್ಕೆ ಒಂದು ಅರ್ಜಿ ಬರೆದು, ಲಕೋಟೆ ಹಿಡಿದುಕೊಂಡು ಬಂದರು. ಎಂತ ಅಂತ ಕೇಳಿದರೆ, ಒಂದು ಕಡೆ ಸರಿ ಆಗಲಿಲ್ಲ ಅಂದರು.

ಮತ್ತೆ ಟೈಪ್, ಮತ್ತೆ ಪೋಸ್ಟ್, ಮತ್ತೆ ವಾಪಸ್. ಈ ಸಲ ಒಂದು ಪುಟ ಸರಿ ಇಲ್ಲವಂತೆ. ಮೂರನೆಯ ಸಲ ಹೋದಾಗ ಕೌಂಟರಿನವರು ಕನ್ನಡಕ ಮೇಲೇರಿಸಿ ಕೇಳಿದರಂತೆ, “ಡಾಕ್ಟ್ರೇ, ಇವತ್ತು ಹಾಕ್ಲಿಕ್ಕಾ, ತೆಗೀಲಿಕ್ಕಾ?”

ಮೂರನೆಯ ಸಲವೂ ತೆಗೆದರು ಅನ್ನಿ. ನನಗೆ ಪಿತ್ತ ನೆತ್ತಿಗೇರಿತು. ಕೊನೆಯ ತಾರೀಕಿಗೆ ಒಂದು ವಾರ ಇತ್ತು, ಕಾಗದ ತಲುಪಲಿಕ್ಕೇ ಅಷ್ಟು ಬೇಕು. ಇವತ್ತು ಹಾಕದಿದ್ದರೆ ಮುಗಿದ ಹಾಗೆ. ಮಾವನಿಗೆ ಹೇಳದೆ ಬೆಳಿಗ್ಗೆಯೇ ಇಬ್ರಾಹಿಂ ಸಾಹೇಬರ ಅಂಗಡಿಗೆ ಹೋಗಿ, ಅದೆಂತ ತಪ್ಪು ಟೈಪ್ ಮಾಡ್ತೀರಿ ನೀವು ಅಂತ ಜೋರು ಮಾಡಿದೆ.

ಅವರಿಗೆ ಸಿಟ್ಟು ಬರಲಿಲ್ಲ. ಮೆಷಿನಿನಿಂದ ಕೈ ತೆಗೆದು, “ತಪ್ಪು ಎಲ್ಲಿ ಉಂಟು ಮಗಳೇ? ಆ ನಾಲ್ಕನೇ ಪುಟ ನೋಡು” ಅಂದರು.

ನಾಲ್ಕನೇ ಪುಟದಲ್ಲಿ ಅವಲಂಬಿತರು ಅಂತ ಒಂದು ಕಾಲಂ. ಹೆಂಡತಿ, ಮಕ್ಕಳು ಮಾತ್ರ ಅಂತ ಸೂಚನೆ. ಸಾಹೇಬರು ಮಾವ ತಿದ್ದಲಿಕ್ಕೆ ವಾಪಸ್ ತಂದಿದ್ದ ಮೂರೂ ಸಲದ ಪ್ರತಿ ತೋರಿಸಿದರು. ಮೊದಲನೆಯದರಲ್ಲಿ ಕಾಲಂ ಖಾಲಿ. ಎರಡನೆಯದರಲ್ಲಿ ಅಮ್ಮನ ಹೆಸರು, ನನ್ನ ಹೆಸರು, ತಮ್ಮನ ಹೆಸರು. ಮೂರನೆಯದರಲ್ಲಿ ಮತ್ತೆ ಖಾಲಿ. ಬರೆದರೆ ನಿಯಮಕ್ಕೆ ವಿರುದ್ಧ, ಅರ್ಜಿ ತಿರಸ್ಕಾರ ಆಗಬಹುದು. ಬಿಟ್ಟರೆ ಯಾರೂ ಇಲ್ಲ ಅಂತ ಆಗುತ್ತದೆ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅಂದರೆ ನಾನು ಎಂತ ಟೈಪ್ ಮಾಡಲಿ ಅಂತ ಸಾಹೇಬರು ಕೇಳಿದರು. ನಾಲ್ಕನೆಯ ಸಲಕ್ಕೆ ಆ ಕಾಲಂ ಖಾಲಿ ಬಿಟ್ಟು ಹೊಡೆದಿಟ್ಟಿದ್ದ ಐದು ಪ್ರತಿ ಹಿಡಿದುಕೊಂಡು ಮನೆಗೆ ಬಂದೆ.

ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಮಾವನನ್ನು ಕರೆದು, ಯಾರೂ ಇಲ್ಲ ಅಂತ ಬರೆದು ಕಳಿಸು, ಅವರಿಗೆ ನಮ್ಮ ಮನೆ ವಿಷಯ ಎಂತಕ್ಕೆ ಅಂತ ಬೈದರು.

“ಕೊನೆಗೆ ಸಹಿ ಹಾಕ್ಬೇಕಲ್ಲ ಅಕ್ಕ,” ಅಂದರು ಮಾವ. “ಮೇಲೆ ಬರೆದದ್ದೆಲ್ಲ ನಿಜ ಅಂತ.”

ಅಮ್ಮ ನನ್ನ ಪೆನ್ನು ಕಿತ್ತುಕೊಂಡರು. ಎಂಟನೇ ಕ್ಲಾಸಿನವರೆಗೆ ಕಲಿತ ಇಂಗ್ಲಿಷಿನಲ್ಲಿ, ಆ ಚಂದದ ಟೈಪಿನ ನಡುವೆ, ನಾಲಗೆ ಕಚ್ಚಿಕೊಂಡು ‘ನಿಲ್’, ಅಂದರೆ ಯಾರೂ ಇಲ್ಲ, ಅಂತ ಬರೆದರು. ಐದು ಪ್ರತಿಯಲ್ಲೂ.

“ಸುಳ್ಳು ನಾನು ಬರ್ದದ್ದು,” ಅಂದರು. “ನೀನು ಸಹಿ ಮಾತ್ರ ಹಾಕು.”

ಮಾವ ಹಾಕಿದರು.

ಫೆಲೋಶಿಪ್ ಸಿಕ್ಕಿದ್ದು, ಮಾವ ಹೋದದ್ದು, ಅದೆಲ್ಲ ಆಮೇಲಿನ ಮಾತು. ಆ ದಿನ ನಾನೂ ಅವರೊಟ್ಟಿಗೆ ಹೋಗಿ ಲಕೋಟೆ ಹಾಕಿಸಿದೆ. ವಾಪಸ್ ತೆಗೆಯಲಿಕ್ಕೆ ಬಿಡಬಾರದು ಅಂತ ಕಾವಲಿಗೆ ಹೋದವಳು ನಾನು. ರಶೀದಿ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಾಗ ಆ ಕಾಲಮ್ಮೇ ಕಣ್ಣ ಮುಂದೆ ಬಂತು. ನಮ್ಮ ಮೂವರ ಹೆಸರು ಇರಬೇಕಾದ ಜಾಗದಲ್ಲಿ ಅಮ್ಮನ ಸೊಟ್ಟ ಅಕ್ಷರ.

“ಮಾವ,” ಅಂದೆ, “ಚೀಲ ಇನ್ನೂ ಹೊರಟಿರ್ಲಿಕ್ಕಿಲ್ಲ. ವಾಪಸ್ ತೆಗೆಯುವಾ?”

ಮಾವ ನನ್ನನ್ನೇ ನೋಡಿದರು. ರಶೀದಿಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿದರು.

“ಬೇಡ,” ಅಂದರು. “ಬರೆಯದಿದ್ರೂ ನೀವು ನನ್ನವರೇ.”

ಬಸ್ಸು ಬಂತು. ಕೊಟ್ಟಾರ ಮುಟ್ಟುವವರೆಗೆ ನಾನು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ, ಮಾವ ಆಚೆ ಕಡೆ ಮುಖ ಮಾಡಿ ಅಳುತ್ತಿದ್ದರು.