ಅತಿಥಿಗಳಿಲ್ಲದವನ ಟ್ರೇಗಳು

ಯಾರೂ ಬಾರದ ಮನೆಯಲ್ಲಿ ಟ್ರೇ ಕೂಡಿಡುವವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಎಪ್ಪತ್ತರ ದಶಕದಲ್ಲಿ ಕುರ್ಲಾದ ಸಾಲುಮನೆಗಳ ಚಾಳಿನಲ್ಲಿ, ಒಂದೇ ಕೋಣೆಯ ಖೋಲಿಯಲ್ಲಿ ನಾನೊಬ್ಬನೇ ಇದ್ದೆ. ಒಣಗಿದ ಎಲೆ, ಚಿಪ್ಪು, ಹಿತ್ತಾಳೆ ಚೂರುಗಳನ್ನು ರೆಸಿನ್ ಎಂಬ, ಗಾಜಿನಂತೆ ತಿಳಿಯಾಗಿ ಗಟ್ಟಿಯಾಗುವ ಅಂಟಿನಲ್ಲಿ ಹುದುಗಿಸಿದ ಟ್ರೇಗಳ ಹುಚ್ಚು ನನಗೆ. ಯಾರಾದರೂ ಬಂದರೆ ಅದರಲ್ಲಿ ಚಹ ಕೊಡಬೇಕೆಂಬ ಆಸೆ. ಟ್ರೇ ಸಿಗುತ್ತಿತ್ತು. ಯಾರಾದರೂ ಸಿಗುತ್ತಿರಲಿಲ್ಲ.

೧. ಚೋರ್ ಬಜಾರ್

ಹಳೆಸಾಮಾನಿನ ಅಂಗಡಿಯೊಂದರಲ್ಲಿ ಎಲೆಗಳ ದೊಡ್ಡ ಟ್ರೇ ಕೈಗೆತ್ತಿಕೊಂಡೆ. ಅಂಗಡಿಯವನು ಕೇಳಿದ, “ಸಾಬ್, ಮನೇಲಿ ಎಷ್ಟು ಜನ?”

“ಒಬ್ಬನೇ.”

“ಬರೋರು ಹೋಗೋರು?”

ನಾನು ಟ್ರೇಯ ಧೂಳು ಒರೆಸಿದೆ. ಅವನು ಒಂದು ಸಾಸರ್ ತೋರಿಸಿದ. ಹಟಕ್ಕೆ ಟ್ರೇಯನ್ನೇ ಕೊಂಡೆ. ಸಾಸರನ್ನು ಅವನು ಪುಕ್ಕಟೆ ಕೊಟ್ಟ. “ಇದು ಬಳಸೋಕೆ.”

೨. ಅಜ್ಜಿಯ ಉಪಕಾರ

ನಳದ ನೀರು ಹಿಡಿದಿಡಲೆಂದು ಪಕ್ಕದ ಖೋಲಿಯ ಧಾರವಾಡದ ಅಜ್ಜಿಗೆ ಕೀಲಿ ಕೊಟ್ಟು ಆಫೀಸಿಗೆ ಹೋಗುತ್ತಿದ್ದೆ. ಒಂದು ಸಂಜೆ ಬಂದರೆ ಚಿಪ್ಪಿನ ಟ್ರೇ ಮಜ್ಜಿಗೆಯಂತೆ ಬೆಳ್ಳಗಾಗಿದೆ.

“ಒಳಗೆಲ್ಲಾ ಕಸಾ ಕುಂತಿತ್ತೋ ತಮ್ಮಾ. ಬೂದಿ ಹಚ್ಚಿ ತಿಕ್ಕೀನಿ.”

“ಕಸ ಹೋಯ್ತೇ ಅಜ್ಜಿ?”

“ಹೋಗಲಿಲ್ಲ. ಆದರ ಈಗ ಕಾಣಸಂಗಿಲ್ಲ.”

೩. ಟ್ರೇಗೆ ಬಂದ ಕರೆ

ಚಾಳಿನಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರೂ, ಹುಡುಗಿಯ ಕೈಯಲ್ಲಿ ಚಹ ಹೊತ್ತು ಹೊರಬರುತ್ತಿದ್ದದ್ದು ನನ್ನ ಎಲೆ ಟ್ರೇ. ಎರವಲು ಒಯ್ದವರು ಸಂಜೆ ತೊಳೆದು ತಂದುಕೊಡುವಾಗ, “ಎಲ್ಲರೂ ಭಾಳ ಹೊಗಳಿದರು” ಎನ್ನುತ್ತಿದ್ದರು. ಟ್ರೇಗೆ ಕರೆ ಇರುತ್ತಿತ್ತು; ನನಗಿರಲಿಲ್ಲ.

೪. ಕೊನೆಗೂ ಬಂದವರು

ಒಬ್ಬ ಹುಡುಗನ ಕಡೆಯವರು ನಮ್ಮ ಚಾಳಿನಲ್ಲೇ ಮೂರು ಹುಡುಗಿಯರನ್ನು ನೋಡಿದರು. ಮೂರೂ ಕಡೆ ಅದೇ ಟ್ರೇ. ಟ್ರೇಯ ಒಡೆಯರೇ ದೊಡ್ಡ ಮನೆತನದವರಿರಬೇಕೆಂದು ಹುಡುಗನ ತಾಯಿ ವಿಚಾರಿಸಿಕೊಂಡು, ಗಂಡನನ್ನೂ ಮಗನನ್ನೂ ಕರಕೊಂಡು ನನ್ನ ಬಾಗಿಲಿಗೇ ಬಂದರು.

ಅತಿಥಿಗಳು! ಯಾಕೆ ಬಂದಿರಿ ಎಂದು ನಾನು ಕೇಳಲಿಲ್ಲ. ಕೇಳಿದರೆ ಎದ್ದು ಹೋದಾರು. ಶುಂಠಿ ಜಜ್ಜಿ ಚಹ ಮಾಡಿ, ಟ್ರೇಯಲ್ಲಿಟ್ಟು, ಚೆಲ್ಲದಂತೆ ತಲೆ ತಗ್ಗಿಸಿಕೊಂಡು ಮೆಲ್ಲನೆ ಬಂದೆ.

“ಹುಡುಗೀನ್ನ ಕರೀರಿ” ಎಂದರು ತಾಯಿ.

“ಹುಡುಗಿ ಇಲ್ಲ. ಮನೆಯಲ್ಲಿ ನಾನೊಬ್ಬನೇ.”

ತಾಯಿ ಗಂಡನ ಮುಖ ನೋಡಿದರು. ಹುಡುಗ ಮಾತ್ರ ಸೊರ್ರೆಂದು ಕುಡಿಯುತ್ತಿದ್ದ.

“ಚಹಾ ಯಾರು ಮಾಡಿದ್ದು?” ತಾಯಿ ಕೇಳಿದರು.

“ನಾನೇ.”

“ಅಡಿಗಿ ಬರ್ತದ?”

“ಬರ್ತದೆ.”

ಇನ್ನೊಂದು ಕಪ್ ಕುಡಿದು ಎದ್ದರು. ಹೆಣ್ಣು ನೋಡುತ್ತ ಇಷ್ಟು ಮನೆ ಸುತ್ತಿ ಬಾಯಿಗೆ ರೂಢಿಯಾಗಿತ್ತೋ ಏನೋ, ಹೊಸ್ತಿಲು ದಾಟುವಾಗ ತಂದೆ ನನಗೆ ಕೈಮುಗಿದು ಹೇಳಿದರು:

“ಊರಿಗೆ ಹೋಗಿ ಕಾಗದ ಬರೀತೀವಿ.”

ಆ ವಾರವಿಡೀ ನಾನು ಟಪಾಲಿನವನ ದಾರಿ ನೋಡಿದೆ.